ಬೆವರಿಳಿಸಿದ ಅಂಗಿ

ನನ್ನ ಹೆಂಡತಿಯ ತವರು ಕಲಬುರಗಿ. ಮದುವೆಯಾಗಿ ಹನ್ನೆರಡು ವರ್ಷಗಳಲ್ಲಿ ನಾನು ಆ ಊರಿಗೆ ಹೋದದ್ದೆಲ್ಲ ದೀಪಾವಳಿಗೋ ಸಂಕ್ರಾಂತಿಗೋ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಿಂದು, ರಾತ್ರಿ ಕೌದಿ ಹೊದ್ದು ಮಲಗಿ, "ಇದನ್ನೇನಾ ನೀವು ಬಿಸಿಲೂರು ಅನ್ನೋದು?" ಎಂದು ಅತ್ತೆಮನೆಯವರನ್ನು ಕಿಚಾಯಿಸಿ ಬರುತ್ತಿದ್ದೆ. ಅವರು ನಕ್ಕು ಸುಮ್ಮನಾಗುತ್ತಿದ್ದರು. ಆ ನಗುವಿನ ಅರ್ಥ ತಿಳಿಯಬೇಕಾದರೆ ನಾನೊಮ್ಮೆ ಮೇ ತಿಂಗಳಲ್ಲಿ ಹೋಗಬೇಕಾಯಿತು.

ಹೆಂಡತಿಯ ಸೋದರಮಾವನ ಮಗಳ ಮದುವೆ. ಅಕ್ಷತೆ ಮಧ್ಯಾಹ್ನ 12 ಗಂಟೆ 31 ನಿಮಿಷಕ್ಕೆ ಎಂದು ಲಗ್ನಪತ್ರಿಕೆಯಲ್ಲಿತ್ತು. "ರೀ, ತೆಳ್ಳಗಿರೋ ಕಾಟನ್ ಅಂಗಿ ಎರಡು ಇಟ್ಕೊಳ್ಳಿ. ಹಳೇದಾದ್ರೂ ಪರವಾಗಿಲ್ಲ" ಅಂದಳು ಹೆಂಡತಿ. ಹಳೆಯದು! ಬೆಂಗಳೂರಿನಿಂದ ಬರುವ ಅಳಿಯ, ತೊಳೆದು ತೊಳೆದು ಜಾಳಾದ ಅಂಗಿ ಹಾಕಿಕೊಂಡು ಹೋಗುವುದೇ? ಸೀದಾ ಬಟ್ಟೆ ಅಂಗಡಿಗೆ ಹೋದೆ. ಅಲ್ಲಿನ ಹುಡುಗ ನನ್ನ ಮುಖ ನೋಡಿದ ಕೂಡಲೇ ನನಗೇನು ಬೇಕೆಂದು ತಿಳಿದುಕೊಂಡ. "ಲಿನನ್ ಫೀಲ್ ಸಾರ್, ಸಮ್ಮರ್ ಕಲೆಕ್ಷನ್" ಎಂದು ಒಂದು ತಿಳಿಹಸಿರು ಅಂಗಿಯನ್ನು ಹರವಿದ. ಮೈಮೇಲೆ ಲಿನನ್ನಿಗಿರುವಂಥದೇ ದಪ್ಪ ಸಣ್ಣ ಎಳೆಗಳ ಗೀರು. ಮುಟ್ಟಿದರೆ ತಣ್ಣಗೆ. ಅಂಗಡಿಯಲ್ಲಿ ಏಸಿ ಇತ್ತು, ಅಲ್ಲಿ ಗಲ್ಲಾಪೆಟ್ಟಿಗೆಯೂ ತಣ್ಣಗೇ ಇರುತ್ತದೆ ಎಂಬುದು ನನಗೆ ಹೊಳೆಯಲಿಲ್ಲ. 'ಫೀಲ್' ಎಂಬ ಮಾತನ್ನಂತೂ ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. ಮಾವಿನಹಣ್ಣಿನ ರುಚಿಯ ಶರಬತ್ತಿನಲ್ಲಿ ಮಾವು ಇರುವುದಿಲ್ಲವೆಂದು ಮಕ್ಕಳಿಗೆ ಪಾಠ ಹೇಳುವ ಮನುಷ್ಯ ನಾನು.

ಮೈಗಂಟಿದ ಹಾಗೆ ಹೊಲಿದದ್ದು, ಸ್ಲಿಮ್ ಫಿಟ್. ನಾನು ಸ್ಲಿಮ್ಮೂ ಅಲ್ಲ, ಫಿಟ್ಟೂ ಅಲ್ಲ. ಆದರೂ ಉಸಿರು ಬಿಗಿಹಿಡಿದರೆ ಗುಂಡಿ ಕೂರುತ್ತಿತ್ತು.

ಮದುವೆ ಮನೆ ಹೊಕ್ಕಾಗ ಬೆಳಿಗ್ಗೆ ಹತ್ತು ಗಂಟೆ. ಆಗಲೇ ರಸ್ತೆಯ ಡಾಂಬರು ಚಪ್ಪಲಿ ಹಿಡಿದೆಳೆಯುತ್ತಿತ್ತು. ಸೋದರಮಾವನವರು ಮನೆಯೆದುರಿನ ಬೇವಿನ ಮರದ ಕೆಳಗೆ ನಿಂತು ಬಂದವರನ್ನು ಬರಮಾಡಿಕೊಳ್ಳುತ್ತಿದ್ದರು. ಆರಡಿ ಆಳು. ಬಿಳಿ ಧೋತರ, ಮೊಣಕಾಲು ಮುಟ್ಟುವ ದೊಗಳೆ ನೆಹರು ಶರ್ಟು, ತಲೆಗೆ ರುಮಾಲು. ನೋಡಿ ನನಗೆ ಪಾಪ ಅನಿಸಿತು. ಈ ಬಿಸಿಲಲ್ಲಿ ಇಷ್ಟು ಬಟ್ಟೆಯೇ!

"ಅಂಗಿ ಭಾರಿ ಹೊಳಿಲತ್ತದಲ್ರೀ, ಅಳ್ಯಾರ?" ಎಂದು ಅವರೇ ಮಾತು ತೆಗೆದರು.

ನಾನು ಕಾಯುತ್ತಿದ್ದದ್ದೇ ಅದನ್ನು. "ಲಿನನ್ ಮಾಮಾ. ಅಗಸೆ ಗಿಡದ ನಾರಿನಿಂದ ನೇಯ್ತಾರೆ. ಸೆಕೆಗೆ ಇದರಷ್ಟು ತಂಪು ಇನ್ನೊಂದಿಲ್ಲ."

"ಅಗಸಿ? ನಾವು ಅಗಸಿ ಹಿಂಡಿ ಮಾಡ್ಕೊಂಡು ರೊಟ್ಟಿ ಜೋಡಿ ತಿಂತೇವ್ರಿ. ಅಂಗಿನೂ ಹೊಲಸ್ತಾರೇನು?"

"ಬೀಜದಿಂದ ನಿಮ್ಮ ಹಿಂಡಿ ಮಾಮಾ, ಕಾಂಡದ ನಾರಿನಿಂದ ನಮ್ಮ ಅಂಗಿ. ಸಾವಿರಾರು ವರ್ಷದ ಹಿಂದೆ ಈಜಿಪ್ಟಿನಲ್ಲಿ ಮಮ್ಮಿಗಳಿಗೆ ಇದನ್ನೇ ಸುತ್ತುತ್ತಿದ್ದರು."

"ಮಮ್ಮಿ ಅಂದ್ರ?"

"ಸತ್ತ ರಾಜರ ದೇಹ, ಕೆಡದ ಹಾಗೆ ಕಾಪಾಡಿ ಇಡ್ತಿದ್ರಲ್ಲ, ಅದು."

ಮಾಮಾ ಸ್ವಲ್ಪ ಹೊತ್ತು ಯೋಚಿಸಿದರು. "ಸತ್ತೋರಿಗಿ ಸೆಕಿ ಎಲ್ಲಿ ಹತ್ತತದ್ರೀ?" ಎಂದು ಮುಂದಿನ ಬೀಗರನ್ನು ಮಾತನಾಡಿಸಲು ಹೋದರು.

ಪೆಂಡಾಲಿನೊಳಗೆ ಕೂತು ಹತ್ತು ನಿಮಿಷವಾಗಿರಬಹುದು. ಬೆನ್ನ ನಡುವೆ ಒಂದು ಇರುವೆ ಹರಿದಂತಾಯಿತು. ಕೈ ಹಾಕಿ ನೋಡಿದರೆ ಬೆವರು. ಆ ಒಂದು ಇರುವೆಯ ಹಿಂದೆ ಅದರ ಇಡೀ ಗೂಡೇ ಹೊರಟಿತು. ಫ್ಯಾನಿನೆದುರು ಹೋಗಿ ಕೂತೆ. ಅದು ಒಲೆ ಊದುವ ಕೊಳವೆಯ ಹಾಗೆ ಬಿಸಿಗಾಳಿ ಊದಿತು. ಇದರ ಕಾರಣ ನಾನು ಆಮೇಲೆ ಓದಿ ತಿಳಿದದ್ದು. ನಮ್ಮ ಚರ್ಮದ ಬಿಸಿ ಸುಮಾರು 35 ಡಿಗ್ರಿ. ಹೊರಗಿನ ಗಾಳಿ ಅದಕ್ಕಿಂತ ತಣ್ಣಗಿದ್ದರೆ ಗಾಳಿಯೇ ಮೈಯ ಶಾಖವನ್ನು ಎತ್ತಿಕೊಂಡು ಹೋಗುತ್ತದೆ. ಗಾಳಿಯೇ 42ರಲ್ಲಿದ್ದರೆ ಶಾಖ ಹೊರಗಿನಿಂದ ಒಳಕ್ಕೇ ಬರುತ್ತದೆ. ಆಗ ಉಳಿಯುವ ದಾರಿ ಬೆವರೊಂದೇ. ಒಂದು ಲೀಟರ್ ಬೆವರು ಆವಿಯಾದರೆ ಮೈಯಿಂದ ಸುಮಾರು 580 ಕಿಲೋಕ್ಯಾಲರಿ ಶಾಖ ಹೊತ್ತೊಯ್ಯುತ್ತದಂತೆ. ಆದರೆ ಅದು ಆವಿಯಾಗಬೇಕು. ಸುಮ್ಮನೆ ತೊಟ್ಟಿಕ್ಕಿದರೆ ಮೈಗೆ ನಯಾಪೈಸೆ ಲಾಭವಿಲ್ಲ.

ನನ್ನದು ತೊಟ್ಟಿಕ್ಕುತ್ತಿತ್ತು. ಒಳಗಿನ ಬನಿಯನ್ ಪಾಪ, ಹತ್ತಿಯದು, ಕೈಲಾದಷ್ಟು ಕುಡಿಯಿತು. ಮೇಲಿನ ಅಂಗಿ ಅದರ ಬಾಯಿಗೆ ಮುಚ್ಚಳ ಹಾಕಿ ಕೂತಿತ್ತು. ಇಡ್ಲಿ ಪಾತ್ರೆಯೊಳಗೆ ಇಡ್ಲಿಗೆ ಏನೇನಾಗುತ್ತದೋ ಅದೆಲ್ಲ ನನಗಾಗುತ್ತಿತ್ತು. ವ್ಯತ್ಯಾಸವೆಂದರೆ ಇಡ್ಲಿ ಉಸಿರು ಬಿಗಿಹಿಡಿದಿರಬೇಕಾಗಿಲ್ಲ.

ಅಷ್ಟರಲ್ಲಿ ಮಂಗಳಾಷ್ಟಕ ಶುರುವಾಯಿತು. ಎದ್ದು ನಿಂತೆವು. ಹಿಂದಿನ ಸಾಲಿನವರು ಎಸೆದ ಅಕ್ಷತೆ ವಧೂವರರನ್ನು ಮುಟ್ಟಬೇಕಾದರೆ ನನ್ನನ್ನು ದಾಟಿ ಹೋಗಬೇಕಿತ್ತು. ಅರ್ಧಕ್ಕರ್ಧ ದಾಟಲಿಲ್ಲ. ಒದ್ದೆ ಬೆನ್ನಿಗೆ ಬಂದು ಅಂಟಿಕೊಂಡಿತು. ನಾನು ಮುಂದೆ ನೋಡುತ್ತಾ ಭಕ್ತಿಯಿಂದ ಕೈಮುಗಿದಿದ್ದರೆ ಹಿಂದೆ ನನ್ನ ಬೆನ್ನು ಅರಿಸಿನದ ಅಕ್ಕಿಯಿಂದ ಹೂಬಿಟ್ಟಿತ್ತು. ವಿಡಿಯೋದವನಿಗೆ ಇದು ಬಹಳ ಇಷ್ಟವಾಗಿರಬೇಕು. ಆ ಮದುವೆಯ ವಿಡಿಯೋದಲ್ಲಿ ತಾಳಿ ಕಟ್ಟುವ ದೃಶ್ಯಕ್ಕಿಂತ ನನ್ನ ಬೆನ್ನು ಹೆಚ್ಚು ಹೊತ್ತು ಇದೆ.

ಊಟಕ್ಕೂ ಮುಂಚೆ ಬಚ್ಚಲುಮನೆಗೆ ಓಡಿದೆ. ಅಂಗಿಯನ್ನು ಮೈಯಿಂದ ಬಿಡಿಸುವುದೇ ಒಂದು ಕೆಲಸವಾಯಿತು, ಹಲಸಿನ ತೊಳೆ ಬಿಡಿಸಿದ ಹಾಗೆ. ತಿರುವಿದಾಗ ಪಕ್ಕದ ಹೊಲಿಗೆಯಲ್ಲಿ, ಕನ್ನಡಕವಿಲ್ಲದೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಬರೆದಿತ್ತು: ನೂರಕ್ಕೆ ನೂರು ಪಾಲಿಯೆಸ್ಟರ್. ಅಂಗಡಿ ಹುಡುಗ ಸುಳ್ಳು ಹೇಳಿರಲಿಲ್ಲ. ಫೀಲ್ ಲಿನನ್ನಿನದೇ ಆಗಿತ್ತು, ಬಟ್ಟೆ ಮಾತ್ರ ಬೇರೆ.

ಇಲ್ಲಿ ನಮ್ಮ ತಂದೆಯವರ ನೆನಪಾಗುತ್ತದೆ. 1970ರ ದಶಕದಲ್ಲಿ ಇದೇ ಪಾಲಿಯೆಸ್ಟರಿಗೆ ಟೆರಿಲಿನ್ ಎಂದು ಹೆಸರು, ಟೆರಿಲಿನ್ ಅಂಗಿ ಇದ್ದವನೇ ಗಂಡು. ಇಸ್ತ್ರಿ ಬೇಡ, ರಾತ್ರಿ ಹಿಂಡಿ ಹಾಕಿದರೆ ಬೆಳಿಗ್ಗೆಗೆ ಗರಿಗರಿ, ಹತ್ತು ವರ್ಷ ಹರಿಯುವುದಿಲ್ಲ. ಅಪ್ಪ ತಮ್ಮ ಒಂದೇ ಒಂದು ಟೆರಿಲಿನ್ ಅಂಗಿಯನ್ನು ಮದುವೆ ಮುಂಜಿಗೆಂದು ಪೆಟ್ಟಿಗೆಯಲ್ಲಿಟ್ಟಿದ್ದರು. ಹಾಕಿದಾಗಲೆಲ್ಲ "ಉರಿಯುತ್ತೆ ಕಣೇ" ಎಂದು ಅಮ್ಮನ ಹತ್ತಿರ ಗೊಣಗುತ್ತಿದ್ದರು, ತೆಗೆಯುತ್ತಿರಲಿಲ್ಲ. ಅದನ್ನು 1941ರಲ್ಲಿ ಕಂಡುಹಿಡಿದ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಇದ್ದದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸೀಮೆಯಲ್ಲಿ. ಅಲ್ಲಿ ಬಿಸಿಲು ಬಿದ್ದರೆ ಜನ ಹೊರಗೆ ಬಂದು ನೋಡುತ್ತಾರೆ. ತಪ್ಪು ಅವರದಲ್ಲ. ಅಪ್ಪನಿಗಿದ್ದ ಶೋಕಿ ಮಗನಿಗೂ ಬಂತು, ಅಷ್ಟೇ.

ಬಚ್ಚಲಿನ ಬಾಗಿಲು ಬಡಿದು ಮಾಮಾ ಒಂದು ಗಂಟು ಒಳಗೆ ತೂರಿದರು. ಅವರದೇ ಇನ್ನೊಂದು ನೆಹರು ಶರ್ಟು, ಒಂದು ಧೋತರ. "ಇದು ಹಾಕ್ಕೋರಿ. ಮಗ್ಗದ ಬಟ್ಟಿ, ಒಗದು ಒಗದು ಮೆತ್ತಗ ಆಗ್ಯದ." ನೀವು ಕಾಯುತ್ತಿರುವ ಅನಾಹುತ ಆಗಲಿಲ್ಲ. ಧೋತರದ ಮೇಲೆ ಮಾಮಾ ಸ್ವತಃ ತಮ್ಮ ಚರ್ಮದ ಬೆಲ್ಟು ಬಿಗಿದಿದ್ದರು. ಶರ್ಟಿನೊಳಗೆ ನಾನು ಮತ್ತು ನನ್ನಂಥ ಇನ್ನೊಬ್ಬ ಆರಾಮವಾಗಿ ಹಿಡಿಸಬಹುದಿತ್ತು. ತೋಳು ಬೆರಳಿನ ತುದಿ ದಾಟಿತ್ತು. ಹೊಲದ ಬೆರ್ಚಪ್ಪನ ಹಾಗೆ ಹೊರಗೆ ಬಂದೆ. ಮಕ್ಕಳು ನಕ್ಕವು. ನಗಲಿ ಬಿಡಿ. ಎರಡು ಹೆಜ್ಜೆ ನಡೆಯುವಷ್ಟರಲ್ಲಿ ಕೆಳಗಿನಿಂದ ಗಾಳಿ ಹೊಕ್ಕು ಕೊರಳ ಹತ್ತಿರ ಹೊರಬಿತ್ತು. ಹಂಚಿನ ಮನೆಗೆ ಬೆಳಕಿಂಡಿ ತೆಗೆದ ಹಾಗಾಯಿತು. ಬೆವರು ಬಂದಲ್ಲೇ ಆರುತ್ತಿತ್ತು. ಬೇವಿನ ನೆರಳಲ್ಲಿ ಒಂದು ಬಾಜಿನ ಮೇಲೆ ಬಿದ್ದವನು ಎರಡು ಗಂಟೆ ನಿದ್ದೆ ಹೊಡೆದೆ. ಹೋಳಿಗೆ ತಪ್ಪಿತು.

ಎಚ್ಚರವಾದಾಗ ನಾನು ಬಟ್ಟೆಯ ವಿದ್ವಾಂಸನಾಗಿದ್ದೆ. ನನಗೆ ಇದೊಂದು ರೋಗ. ಯಾವುದರಲ್ಲಿ ಮುಖಭಂಗವಾಗುತ್ತದೋ ಅದರಲ್ಲೇ ಪಾಂಡಿತ್ಯ ಗಳಿಸಿ ಮಿಕ್ಕವರಿಗೆ ಹಂಚಲು ಹೊರಡುತ್ತೇನೆ.

ಬೆಂಗಳೂರಿಗೆ ಬಂದು ಓದಿದೆ. ಪಾಲಿಯೆಸ್ಟರ್ ಗಾಳಿಯ ತೇವವನ್ನು ತನ್ನ ತೂಕದ ನೂರಕ್ಕೆ ಅರ್ಧ ಪಾಲೂ ಹೀರುವುದಿಲ್ಲ, ಬರೀ 0.4. ಹತ್ತಿ ಎಂಟೂವರೆ, ಲಿನನ್ ಹನ್ನೆರಡು, ರೇಷ್ಮೆ ಹನ್ನೊಂದು. ಎಲ್ಲಕ್ಕಿಂತ ಹೆಚ್ಚು ಹೀರುವುದು ಉಣ್ಣೆ, ಹದಿನಾರು. ಆ ಲೆಕ್ಕದಲ್ಲಿ ನಾನು ಮದುವೆಗೆ ಕಂಬಳಿ ಹೊದ್ದು ಹೋಗಬೇಕಿತ್ತು. ನಗುವ ಮಾತಲ್ಲ. ಆ ಬಿಸಿಲಲ್ಲಿ ಕುರಿ ಕಾಯುವವರ ಹೆಗಲ ಮೇಲೆ ಕಂಬಳಿ ಇದ್ದದ್ದನ್ನು ನಾನು ರೈಲಿನ ಕಿಟಕಿಯಿಂದಲೇ ಕಂಡಿದ್ದೆ. ಕಂಡು 'ಪಾಪ' ಅಂದುಕೊಂಡಿದ್ದೆ. ಸಿನಾಯ್ ಮರುಭೂಮಿಯ ಬೆದೂಯಿನ್ನರು ಕಪ್ಪು ನಿಲುವಂಗಿ ತೊಡುವುದೇಕೆಂದು 1980ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಲೇಖನ ಬಂದಿತ್ತು. ಅಂಗಿ ಕಪ್ಪಾಗಿರಲಿ ಬಿಳಿಯಾಗಿರಲಿ, ಒಳಗಿನ ಮೈಗೆ ತಟ್ಟುವ ಶಾಖ ಒಂದೇ ಎಂದು ಅಳೆದು ನೋಡಿದ್ದರು. ದೊಗಳೆ ಅಂಗಿಯೊಳಗೆ ಗಾಳಿ ಆಡುತ್ತದೆ, ಬಣ್ಣ ಹಿಡಿದ ಶಾಖ ಮೈಗೆ ಮುಟ್ಟುವ ಮುಂಚೆಯೇ ಹಾರಿಹೋಗುತ್ತದೆ. ಮಾಮಾ ಈ ಲೇಖನವನ್ನು ಓದಿರಲಾರರು.

ಇಷ್ಟೆಲ್ಲ ಓದಿ ನಾನು ಒಂದು ಮಂತ್ರ ಇಳಿಸಿಕೊಂಡೆ: ನೂರಕ್ಕೆ ನೂರು ಹತ್ತಿ. ಆ ಮಂತ್ರ ನನ್ನನ್ನು ಮರುವರ್ಷ ಏಪ್ರಿಲಿನಲ್ಲಿ ಮಂಗಳೂರಿಗೆ ಕಳಿಸಿತು.

ಗೆಳೆಯನ ಮನೆಯ ಗೃಹಪ್ರವೇಶ. ಈ ಸಲ ಲೇಬಲನ್ನು ಭೂತಗನ್ನಡಿ ಹಿಡಿದು ಓದಿದೆ. ನನ್ನ ನೀಲಿ ಜೀನ್ಸ್: ನೂರಕ್ಕೆ ನೂರು ಹತ್ತಿ. ಸರಿ, ಹಾಕಿಕೊಂಡೆ. "ಜೀನ್ಸಾ?" ಅಂದಳು ಹೆಂಡತಿ. "ಹತ್ತಿ!" ಅಂದೆ. ಅವಳು ಮುಂದೆ ಮಾತಾಡಲಿಲ್ಲ. ಅವಳು ಮಾತಾಡದಿದ್ದಾಗ ನಾನು ಎಚ್ಚೆತ್ತುಕೊಳ್ಳಬೇಕು, ಆದರೆ ಅದೂ ಒಂದು ಕಲೆ.

ಮಂಗಳೂರಿನಲ್ಲಿ 34 ಡಿಗ್ರಿ. ಕಲಬುರಗಿಯ 42 ಕಂಡು ಬಂದವನಿಗೆ ಇದೇನು ಮಹಾ ಎಂದು ಬಸ್ಸಿನಿಂದ ಇಳಿದೆ. ಒದ್ದೆ ಟವೆಲಿನಲ್ಲಿ ಯಾರೋ ಮುಖ ಒರೆಸಿದಂತಾಯಿತು. ಕಡಲ ಗಾಳಿಯ ಹೊಟ್ಟೆ ಮೊದಲೇ ನೀರು ಕುಡಿದು ತುಂಬಿರುತ್ತದೆ, ನಮ್ಮ ಬೆವರನ್ನು ಅದು ಯಾಕೆ ಮುಟ್ಟೀತು? ಬಂದ ಬೆವರೆಲ್ಲ ಹತ್ತಿಯ ಪಾಲು. ಹತ್ತಿ ತನ್ನ ಧರ್ಮ ಬಿಡಲಿಲ್ಲ, ಹೀರಿತು, ಮತ್ತೂ ಹೀರಿತು. ಜೀನ್ಸಿನ ಬಟ್ಟೆ ಒಂದು ಚದರ ಗಜಕ್ಕೆ 12ರಿಂದ 14 ಔನ್ಸ್ ತೂಗುತ್ತದೆ, ಓರೆ ನೇಯ್ಗೆ, ಗಾಳಿ ನುಸುಳಲು ಸಂದಿಯಿಲ್ಲ. ಗಣಿ ಕೆಲಸಗಾರರಿಗೆ ಬಾಳಿಕೆ ಬರಲೆಂದು ಮಾಡಿದ್ದು. ಮಧ್ಯಾಹ್ನದ ಹೊತ್ತಿಗೆ ಎರಡು ಕಾಲಿಗೂ ಒಂದೊಂದು ಒದ್ದೆ ಗೋಣಿಚೀಲ ಕಟ್ಟಿದಂತಿತ್ತು. ಕುಳಿತರೆ ಏಳಲಾಗದು, ಎದ್ದರೆ ಮೊಣಕಾಲು ಮಡಚಲಾಗದು. ಪೂಜೆಯಲ್ಲಿ ಪದ್ಮಾಸನ ಹಾಕಿ ಕೂತವರ ನಡುವೆ ನಾನೊಬ್ಬ ಕಾಲು ಚಾಚಿ, ಭಟ್ಟರ ಹೋಮಕುಂಡಕ್ಕೆ ಅಂಗಾಲು ತೋರಿಸಿ ಕೂತಿದ್ದೆ.

ಗೆಳೆಯನ ತಂದೆ ಹತ್ತಿರ ಬಂದು ಮೆಲ್ಲಗೆ ಕೇಳಿದರು. "ಕಾಲಿಗೆ ಎಂತ ಆಯ್ತು ಮಾರಾಯ್ರೆ? ಪೆಟ್ಟಾ?"

"ಇಲ್ಲ, ಪ್ಯಾಂಟು."

ಅವರು ಪ್ಯಾಂಟು ನೋಡಿದರು, ನನ್ನ ಮುಖ ನೋಡಿದರು. "ಒಂದು ಮುಂಡು ಕೊಡ್ತೇನೆ, ಸುತ್ತಿಕೊಳ್ಳಿ. ಹೆಗಲಿಗೆ ಒಂದು ಬೈರಾಸೂ ಇರಲಿ. ಇಲ್ಲಿಯ ಸೆಖೆಗೆ ಅದೇ ಆಗ್ಬೇಕು."

ಹೀಗೆ ಎರಡನೆಯ ಸಲ ಇನ್ನೊಬ್ಬರ ಬಟ್ಟೆಯೊಳಗೆ ನನ್ನ ಮಾನ ಉಳಿಯಿತು. ಜೀನ್ಸನ್ನು ಜಗಲಿಯ ಹಗ್ಗಕ್ಕೆ ಹಾಕಿದ್ದು ಮೂರು ದಿನ ಕಳೆದರೂ ಒಣಗಲಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ತಂದೆ. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಶಿರಾಡಿ ಘಾಟಿ ಮುಗಿಯುವಷ್ಟರಲ್ಲಿ ಖಾಲಿಯಾಗಿತ್ತು.

ಆಮೇಲೆ ನೂಲಿನ ವಿಷಯ ಓದಿಕೊಂಡೆ. ಒಂದು ಪೌಂಡ್ ಹತ್ತಿಯಿಂದ 840 ಗಜದ ಲಡಿ ಎಷ್ಟು ಬರುತ್ತದೋ ಅದೇ ಕೌಂಟ್. ಲೆಕ್ಕ ಹೆಚ್ಚಾದಷ್ಟೂ ನೂಲು ಸಣ್ಣ. ಅಂಗಡಿಗಳಲ್ಲಿ "ಇದು ಎಷ್ಟು ಕೌಂಟು? ಅರವತ್ತೋ, ಎಂಬತ್ತೋ?" ಎಂದು ಕೇಳಲು ಶುರುಮಾಡಿದೆ. ಹುಡುಗರು ನನ್ನನ್ನು ಕಂಡರೆ ಊಟಕ್ಕೆ ಹೋಗುತ್ತಿದ್ದರು. ನಿಜವಾದ ಲಿನನ್ನೂ ಒಂದು ಕೊಂಡೆ. ತಂಪೇನೋ ತಂಪೇ, ಆದರೆ ಅಗಸೆ ನಾರು ಒಮ್ಮೆ ಮಡಿಚಿದ್ದನ್ನು ಮರೆಯುವುದಿಲ್ಲ. ಆಫೀಸು ತಲುಪುವಷ್ಟರಲ್ಲಿ ಅದರ ಮೇಲೆ ನನ್ನ ಸ್ಕೂಟರ್ ಪ್ರಯಾಣದ ನಕಾಶೆ ಮೂಡಿರುತ್ತಿತ್ತು. "ರಾತ್ರಿ ಬಸ್ಸಲ್ಲಿ ಊರಿಂದ ಬಂದ್ರಾ ಸಾರ್?" ಎಂದು ಗೇಟಿನವನು ವಾರಕ್ಕೆರಡು ಸಲ ಕೇಳಿದ. ಇಸ್ತ್ರಿ ಗಾಡಿಯವನು ಒಂದು ಅಂಗಿಗೆ ಎರಡು ಅಂಗಿಯ ದುಡ್ಡು ಕೇಳಿದ, ನ್ಯಾಯವೇ. ಕೊನೆಗೆ ಖಾದಿ ಹಿಡಿದೆ. ಕೈನೂಲಿನ ಎಳೆ ಒಂದೊಂದು ಒಂದೊಂದು ಥರ, ನಡುವೆ ಗಾಳಿಗೆ ಬೇಕಾದಷ್ಟು ಸಂದಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಿಸುವುದು ಇದೇ ಖಾದಿಯಲ್ಲಿ ಎಂದು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಕೊಟ್ಟಿದ್ದಾರೆಂದು ಸಹೋದ್ಯೋಗಿಯೊಬ್ಬ ತಿದ್ದಿದ. ಧ್ವಜ ಬೆವರುವುದಿಲ್ಲವಲ್ಲ ಎಂದು ನಾನಂದೆ. ಎರಡು ವರ್ಷದಲ್ಲಿ ನಾನು ಗೆದ್ದ ವಾದ ಅದೊಂದೇ.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಜುಲೈ ತಿಂಗಳ ಒಂದು ಭಾನುವಾರ, ಹಳೆಯ ಮಗ್ಗದ ಬಟ್ಟೆ ಮಾರುವ ಯಜಮಾನರೊಬ್ಬರು ನನಗೆ ಬೆಂಕಿ ಪರೀಕ್ಷೆ ಹೇಳಿಕೊಟ್ಟರು. ಬಟ್ಟೆಯ ಅಂಚಿನಿಂದ ಒಂದೆಳೆ ಎಳೆದು ಇಕ್ಕಳದಲ್ಲಿ ಹಿಡಿದು ಸುಡಬೇಕು. ಹತ್ತಿ, ಲಿನನ್, ರೇಯಾನ್ ಆದರೆ ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ. ರೇಷ್ಮೆ, ಉಣ್ಣೆ ಆದರೆ ಕೂದಲು ಸುಟ್ಟ ನಾತ, ಬೆರಳಲ್ಲಿ ಹಿಸುಕಿದರೆ ಪುಡಿ. ಪಾಲಿಯೆಸ್ಟರ್ ಆದರೆ ಕರಗಿ ಮುದುರಿ, ತಣ್ಣಗಾದ ಮೇಲೆ ಕಲ್ಲಿನಂಥ ಮಣಿ.

ಮನೆಗೆ ಬಂದವನೇ ಬೆಂಕಿಪೊಟ್ಟಣ, ಇಕ್ಕಳ, ಒಂದು ತಟ್ಟೆ ನೀರು ಇಟ್ಟುಕೊಂಡು ನಡುಮನೆಯಲ್ಲಿ ಕುಳಿತೆ. ಕಿಟಕಿಯ ಪರದೆ: ಮಣಿ. ದಿಂಬಿನ ಚೀಲ: ಬೂದಿ, ಕೊನೆಯಲ್ಲಿ ಚೂರು ಮಣಿ, ಅಂದರೆ ಬೆರಕೆ. ಹೆಂಡತಿಯ ನೈಟಿ: ಬೂದಿ. ಮಗನ ಶಾಲೆಯ ಸಮವಸ್ತ್ರದ್ದು ಹೇಳುವುದು ಬೇಡ. ಆ ಹೊತ್ತಿಗೆ ನಮ್ಮಲ್ಲಿಗೆ ಬಂದಿದ್ದ ಅತ್ತೆ ತಮ್ಮ ಇಳಕಲ್ ಸೀರೆಯ ಸೆರಗನ್ನು ಮಡಿಲಲ್ಲಿ ಒತ್ತಿ ಹಿಡಿದುಕೊಂಡರು. "ಒಡಲು ಹತ್ತಿ, ಸೆರಗು ರೇಷ್ಮಿ. ನನಗ ಗೊತ್ತದ. ನೀವು ಕಡ್ಡಿ ಗೀರ್ಬ್ಯಾಡ್ರಿ" ಅಂದರು.

ಕಪಾಟಿನಲ್ಲಿ ಉಳಿದದ್ದು ನೇರಳೆ ಬಣ್ಣದ ಒಂದು ರೇಷ್ಮೆ ಸೀರೆ. ನಮ್ಮ ಮದುವೆಯ ಹತ್ತನೆಯ ವಾರ್ಷಿಕೋತ್ಸವಕ್ಕೆ ನಾನೇ ತಂದದ್ದು. ಅದನ್ನು ನೋಡಿದೊಡನೆ ನನ್ನ ಕೈ ತಾನಾಗಿ ಹಿಂದೆ ಸರಿಯಿತು.

"ಅದನ್ನೊಂದ್ಯಾಕೆ ಬಿಟ್ರಿ?" ಅಂದಳು ಹೆಂಡತಿ, ಬಾಗಿಲಿಗೆ ಒರಗಿ ನಿಂತು.

"ಪ್ಯೂರ್ ಸಿಲ್ಕ್ ಕಣೇ ಅದು. ಪರೀಕ್ಷೆ ಯಾಕೆ?"

"ಇರಲಿ, ನೋಡೋಣ." ತಾನೇ ಬಂದು ಒಳ ಅಂಚಿನಿಂದ ಒಂದೆಳೆ ಎಳೆದು ಇಕ್ಕಳಕ್ಕೆ ಸಿಕ್ಕಿಸಿ ನನ್ನ ಕೈಗೆ ಕೊಟ್ಟಳು. ಕಡ್ಡಿ ಗೀರಿದೆ. ಕೂದಲು ಸುಟ್ಟ ನಾತ ಬರಲಿ ದೇವರೇ ಎಂದು ಮೂಗು ಅರಳಿಸಿ ಕಾದವನು ಜಗತ್ತಿನಲ್ಲಿ ನಾನೊಬ್ಬನೇ ಇರಬೇಕು. ಎಳೆ ಕರಗಿತು, ಮುದುರಿತು, ಕಪ್ಪಾಗಿ ದುಂಡಗಾಯಿತು. ತಟ್ಟೆಯ ನೀರಿಗೆ ಬಿದ್ದಾಗ 'ಚುಯ್' ಅಂದಿತು.

ಹೆಂಡತಿ ಅದನ್ನು ತೆಗೆದು ಅಂಗೈಯಲ್ಲಿ ಉರುಳಿಸಿದಳು. ಅವಳು ನನ್ನೊಡನೆ ಬೆಂಗಳೂರು ಕನ್ನಡವನ್ನೇ ಆಡುವುದು. ತವರಿನ ಮಾತು ಬಾಯಿಗೆ ಬಂತೆಂದರೆ ನಾನು ಜಾಗ ಹುಡುಕಬೇಕು ಎಂದರ್ಥ.

"ಉಟ್ಟ ಮೊದಲ್ನೇ ದಿನಾನೇ ಮೈ ಕುದ್ದಾಗ ನನಗಿ ಗೊತ್ತಾಗ್ಯದ್ರೀ ಇದು ರೇಷ್ಮಿ ಅಲ್ಲಂತ. ಎಂಟು ಸಾವ್ರ ಕೊಟ್ಟೆ ಅಂದಿದ್ರಿ. ಸಾವ್ರದ ಎಂಟ್‌ನೂರರ ಚೀಟಿ ನಿಮ್ಮ ಪ್ಯಾಂಟಿನ ಕಿಸೆದಾಗ ಸಿಕ್ಕದ್ದು ನನ್ನ ಬಲ್ಲಿ ಇನ್ನೂ ಅದ."

ಅತ್ತೆ ಎದ್ದು ಅಡುಗೆಮನೆಗೆ ಹೋದರು. ಒಳಗಿನಿಂದ ಕೆಮ್ಮಿದ ಹಾಗೆ ಕೇಳಿಸಿತು, ಕೆಮ್ಮಲ್ಲ.

ಹೊರಗೆ ಸೋನೆ ಮಳೆ ಹಿಡಿದಿತ್ತು. ಬಾಗಿಲು ಕಿಟಕಿಯೆಲ್ಲ ತೆರೆದಿದ್ದವು. ನಾನು ತೊಟ್ಟಿದ್ದು ಮಗ್ಗದ ಮಲ್‌ಮಲ್, ದೊಗಳೆ ಹೊಲಿಗೆ, ನೂರು ಕೌಂಟ್. ಅದರ ಬೆನ್ನು ಆಗಲೇ ಒದ್ದೆಯಾಗಿತ್ತು.